ಬೆರಿಲ್‌ಳ ಏಳು ಮೊಟ್ಟೆ, ಗ್ಲೆನಿಸಳ ಒಂಬತ್ತು ಡಬ್ಬಿ

ಈ ಬೇಸಿಗೆಯಲ್ಲಿ ತನ್ನ ಲಾವಕ್ಕಿಗಳಲ್ಲಿ ಒಂದೂ ಸಾಯಕೂಡದೆಂದು ಮಿಲ್ಡುರ ಊರಿನ ಡೆಸ್ಮಂಡ್, ಅಂದರೆ ಎಲ್ಲರ ಡೆಸ್, ಭೀಷಣ ಪ್ರತಿಜ್ಞೆ ಮಾಡಿದ. ಭೂಮಧ್ಯರೇಖೆಯ ದಕ್ಷಿಣಕ್ಕಿರುವ ಆ ಊರಿಗೆ ಜನವರಿಯೇ ಕಡುಬೇಸಿಗೆ; ಹೋದ ಜನವರಿಯಲ್ಲಿ ಒಂದೇ ಮಧ್ಯಾಹ್ನ ಎರಡು ಹಕ್ಕಿಗಳು ಮಣ್ಣು ಸೇರಿದ್ದವು. ಈ ಸಲವಂತೂ ಬೆರಿಲ್ ಎಂಬ ಹಿಡಿಗಾತ್ರದ ಹೆಣ್ಣುಹಕ್ಕಿ ಏಳು ಮೊಟ್ಟೆಗಳ ಮೇಲೆ ಕಾವಿಗೆ ಕೂತು ಹದಿನೈದು ದಿನವಾಗಿತ್ತು. ಇಂದೋ ನಾಳೆಯೋ ಮರಿಯಾಗಬೇಕು. ಅಷ್ಟರಲ್ಲಿ ರೇಡಿಯೋದವರು ನಾಳೆ ನಲವತ್ತಾರು ಡಿಗ್ರಿ ಎಂದರು.

"ಬರಲಿ ಬಿಡು," ಎಂದ ಡೆಸ್, ಸೇನಾಪತಿಯಂತೆ ಹಿತ್ತಲನ್ನು ದಿಟ್ಟಿಸುತ್ತ. "ಬೆರಿಲ್‌ಗೆ ಒಂದು ಹನಿ ಬೆವರೂ ಬರದ ಹಾಗೆ ನೋಡ್ಕೋತೀನಿ."

"ಹಕ್ಕಿಗೆ ಬೆವರು ಬರೋದೇ ಇಲ್ಲ ಕಣೋ," ಎಂದಳು ಹೆಂಡತಿ ಗ್ಲೆನಿಸ್, ಬಟಾಣಿ ಬಿಡಿಸುತ್ತ.

ಹಕ್ಕಿಗಳನ್ನು ಮನೆಯೊಳಗೆ ತರುವ ಮಾತನ್ನು ಅವನು ಎತ್ತಲೇ ಇಲ್ಲ. ಗರಿಯಿರುವ ಯಾವ ಪ್ರಾಣಿಯೂ ಜಾಲರಿ ಬಾಗಿಲು ದಾಟಕೂಡದೆಂಬುದು ಗ್ಲೆನಿಸಳ ಮೂವತ್ತೆಂಟು ವರ್ಷಗಳ ಕಾನೂನು.

ಮರುದಿನ ಬೆಳಗ್ಗೆಯೇ ಯುದ್ಧ ಶುರುವಾಯಿತು. ಡೆಸ್ ಹಿತ್ತಲಿನ ಹಕ್ಕಿಮನೆಯ ಸುತ್ತ ಒದ್ದೆ ಗೋಣಿ ಕಟ್ಟಿ, ಮೇಲಿಂದ ನೀರು ಚಿಮುಕಿಸುವ ಕೊಳವೆ ಬಿಟ್ಟ. ಲಾವಕ್ಕಿ ಬೆಚ್ಚಿದರೆ ಓಡುವುದಿಲ್ಲ, ಬಾಣದಂತೆ ನೆಟ್ಟಗೆ ಮೇಲಕ್ಕೆ ಚಿಮ್ಮುತ್ತದೆ. ನಾಲ್ಕು ಹಕ್ಕಿಗಳು ಚಾವಣಿಗೆ ತಲೆ ಬಡಿದುಕೊಂಡವು. ಅವು ಮಿಂದಾಡುತ್ತಿದ್ದ ಒಣಧೂಳು ಕೆಸರಾಯಿತು. ಡೆಸ್ ಕೊಳವೆ ನಿಲ್ಲಿಸಿ ಫ್ಯಾನ್ ತಂದಿಟ್ಟ. ಎರಡು ಗಂಟೆಗೆ ಇಡೀ ಬೀದಿಯ ಕರೆಂಟೇ ಹೋಯಿತು!

ಬೆರಿಲ್ ಬಾಯಿ ತೆರೆದು ಏದುಸಿರು ಬಿಡುತ್ತಿದ್ದಳು. ಆದರೂ ಮೊಟ್ಟೆ ಬಿಟ್ಟು ಏಳಲೊಲ್ಲಳು.

ಆಗ ಡೆಸ್‌ಗೆ ಫ್ರೀಜರ್ ನೆನಪಾಯಿತು. ಹಿಂದಿನ ದಿನ ಎರಡು ಹಳೆಯ ಐಸ್‌ಕ್ರೀಮ್ ಡಬ್ಬಿಗಳಲ್ಲಿ ನೀರು ತುಂಬಿ ಇಟ್ಟಿದ್ದ. ಆದರೆ ಆ ಊರಿನ ಯಾವ ಮನೆಯಲ್ಲೂ ಐಸ್‌ಕ್ರೀಮ್ ಡಬ್ಬಿ ಎಸೆಯುವವರಿಲ್ಲ. ಸಾರು, ಗೊಜ್ಜು, ಕಳೆದ ವರ್ಷದ ಹಣ್ಣು ಎಲ್ಲವೂ ಅದರಲ್ಲೇ. ಮುಚ್ಚಳದ ಮೇಲೆ ಹೆಸರು ಬರೆದರೆ ಗೃಹಿಣಿಯ ಜ್ಞಾಪಕಶಕ್ತಿಗೆ ಅವಮಾನ! ಫ್ರೀಜರಿನಲ್ಲಿ ಒಂದೇ ತರಹದ ಒಂಬತ್ತು ಡಬ್ಬಿಗಳಿದ್ದವು. ಯೋಚಿಸಲು ಸಮಯವೆಲ್ಲಿ? ಒಂಬತ್ತನ್ನೂ ಹೊತ್ತು ತಂದು ಬೆರಿಲ್ ಸುತ್ತ ಕೋಟೆ ಕಟ್ಟಿದ.

ಗಂಟೆಯೊಳಗೆ ಕೋಟೆ ಕರಗಿತು. ಎರಡರಲ್ಲಿ ನೀರು, ಮೂರರಲ್ಲಿ ಕುಂಬಳಕಾಯಿ ಸೂಪು, ಎರಡರಲ್ಲಿ ಚರ್ಚಿನ ಊಟಕ್ಕೆಂದು ಮಾಡಿಟ್ಟ ಪ್ಲಮ್ ಗೊಜ್ಜು. ಮುಚ್ಚಳಗಳು ಜಾರಿ ಎಲ್ಲವೂ ಕೆಸರಿನಲ್ಲಿ ಬೆರೆತು, ಇರುವೆಗಳ ದಂಡು ಬಂದಾಗ ಗ್ಲೆನಿಸ್ ಹೊರಗೆ ಬಂದಳು. ಉಳಿದ ಎರಡರತ್ತ ಬಗ್ಗಿ ಮೂಸಿದಳು.

"ಡೆಸ್, ಇದು ಕೋಳಿ ಸಾರು."

"ತಣ್ಣಗಿತ್ತು ಕಣೇ."

"ಸಾಯೋ ಹೊತ್ನಲ್ಲಿ ನೆಂಟರ ಮುಖ ತೋರಿಸೋಣ ಅಂತ ತಂದ್ಯಾ?"

ಡೆಸ್ ಬಗ್ಗಿ ಮುಚ್ಚಳಗಳನ್ನು ಹೆಕ್ಕತೊಡಗಿದ. ಅವನ ಕಣ್ಣು ತುಂಬಿತ್ತು. ಗ್ಲೆನಿಸ್ ಅವನನ್ನು ನೋಡಿದಳು, ಬಾಯಿ ತೆರೆದು ಕೂತ ಬೆರಿಲ್‌ಳನ್ನು ನೋಡಿದಳು. ಬಟ್ಟೆ ಬುಟ್ಟಿ ತಂದು, ಹುಲ್ಲು, ಮೊಟ್ಟೆ, ಹಕ್ಕಿ ಸಮೇತ ಗೂಡನ್ನೇ ಮೆಲ್ಲಗೆ ಅದರೊಳಗೆ ಸರಿಸಿದಳು.

"ಬಾಗಿಲು ಹಿಡ್ಕೋ," ಎಂದಳು.

ಮನೆಯ ದಕ್ಷಿಣಕ್ಕೆ, ಬಿಸಿಲು ಅಷ್ಟಾಗಿ ತಾಗದ ಕಡೆ ಬಚ್ಚಲುಮನೆ. ತಣ್ಣನೆಯ ಕಲ್ಲುನೆಲ. ಕಿಟಕಿಗೆ ಅವಳೇ ಒದ್ದೆ ಟವೆಲ್ ಕಟ್ಟಿದಳು. ಉಳಿದ ನಾಲ್ಕು ಹಕ್ಕಿಗಳು ರಟ್ಟಿನ ಪೆಟ್ಟಿಗೆಯಲ್ಲಿ ಹಿಂಬಾಲಿಸಿದವು. ಅರ್ಧ ಗಂಟೆಯಲ್ಲಿ ಬೆರಿಲ್ ಬಾಯಿ ಮುಚ್ಚಿದಳು. ಸಂಜೆ ಗಾಳಿ ತಿರುಗಿ ತಂಪು ಬಂತು.

ಬೆಳಗ್ಗೆ ಡೆಸ್ ಟವೆಲ್ ಹೆಗಲಿಗೇರಿಸಿ ಬಂದಾಗ ಗ್ಲೆನಿಸ್ ಒಳಗಿಂದ ಬಚ್ಚಲುಮನೆಯ ಬಾಗಿಲನ್ನು ಒಂದಂಗುಲವಷ್ಟೇ ತೆರೆದಳು. ಹೆಬ್ಬೆರಳ ತುದಿಯಷ್ಟಿರುವ ಆರು ಮರಿಗಳು! ಏಳನೆಯದು ಚಿಪ್ಪಿನಿಂದ ತಲೆ ಹೊರಹಾಕುತ್ತಿತ್ತು.

"ಒಳಗೆ ಬರಬೇಡ, ಬೆಚ್ಚಿಬೀಳ್ತವೆ," ಎಂದು ಗ್ಲೆನಿಸ್ ಪಿಸುಗುಟ್ಟಿದಳು. "ಹಾರೋದು ಕಲಿಯೋವರೆಗೂ ನೀನು ಹಿತ್ತಲ ನಲ್ಲೀಲೇ ಸ್ನಾನ ಮಾಡು."

"ಅದಕ್ಕೆ ಎರಡು ವಾರ ಬೇಕು. ಅಲ್ಲೀತನಕ ನೀನೆಲ್ಲಿ ಮಾಡ್ತೀಯ?"

"ನಾನಾ? ಇಲ್ಲೇ," ಎಂದು ಅವಳು ಬಾಗಿಲು ಮುಚ್ಚಿದಳು. "ನನ್ನ ಕಂಡ್ರೆ ಅವಕ್ಕೇನೂ ಹೆದರಿಕೆಯಿಲ್ಲ."