ಯೌವನಸ್ಥರ ಕೂಟದಲ್ಲಿ ನಮ್ಮ ದೊಡ್ಡಪ್ಪ

ನಮ್ಮ ಚರ್ಚಿನ ಯೌವನಸ್ಥರ ಕೂಟಕ್ಕೆ ಒಂದು ವಾರವೂ ತಪ್ಪಿಸದೆ ಬರುವ ಯೌವನಸ್ಥರು ಒಬ್ಬರೇ. ಅವರಿಗೆ ಎಪ್ಪತ್ತು ದಾಟಿದೆ! ಬಾಯಲ್ಲಿ ಕಟ್ಟಿಸಿಕೊಂಡ ಹಲ್ಲು, ತಲೆಗೆ ಮಂಕಿ ಕ್ಯಾಪ್, ಕಂಕುಳಲ್ಲಿ ಛತ್ರಿ. ಅವರು ನನ್ನ ದೊಡ್ಡಪ್ಪ. ಯೌವನ ಎಂದರೇನು ಎಂದು ಯಾರಾದರೂ ಕೇಳಿದರೆ ನಾನು ಅವರ ಕಡೆ ಕೈ ತೋರಿಸಿ ಸುಮ್ಮನಾಗುತ್ತೇನೆ. ಇನ್ನೇನು ಮಾಡಲಿ ಹೇಳಿ?

ದೊಡ್ಡಪ್ಪನ ಮನೆ ಇರುವುದು ಭದ್ರಾವತಿಯ ನ್ಯೂ ಟೌನಿನಲ್ಲಿ. ಕಾರ್ಖಾನೆಯಲ್ಲಿ ಮಾಲು ಪರೀಕ್ಷಿಸುವ ಕೆಲಸದಲ್ಲಿದ್ದು ನಿವೃತ್ತರಾದವರು. ಯಂತ್ರಗಳ ಗದ್ದಲದಲ್ಲಿ ಮಾತಾಡಿ ಮಾತಾಡಿ ಮೆಲ್ಲಗೆ ಮಾತಾಡುವುದೇ ಅವರಿಗೆ ಮರೆತುಹೋಗಿದೆ. ಅವರು ದೊಡ್ಡಮ್ಮನ ಕಿವಿಯಲ್ಲಿ ಗುಟ್ಟು ಹೇಳಿದರೆ ಪಕ್ಕದ ಮನೆಯವರು "ಹೌದಾ ಸಾರ್?" ಎನ್ನುತ್ತಾರೆ. ಇಂಥವರು ಪ್ರತಿ ಶನಿವಾರ ಸಂಜೆ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಬಂದು, ಸವಳಂಗ ರಸ್ತೆಯ ಹತ್ತಿರವಿರುವ ನಮ್ಮ ಚರ್ಚಿನಲ್ಲಿ ಕಾಲೇಜು ಹುಡುಗರ ಮಧ್ಯೆ ಕೂರುತ್ತಾರೆ. ಮನೆಯಲ್ಲಿದ್ದರೆ ದೊಡ್ಡಮ್ಮ ತರಕಾರಿ ಹೆಚ್ಚಲು ಕೂರಿಸುತ್ತಾರೆಂದು ಓಡಿ ಬರುತ್ತಾರೆ ಎಂಬುದು ನಮ್ಮೆಲ್ಲರ ಗುಮಾನಿ.

ಕೂಟ ನಡೆಸುವವಳು ನಾನು. ವಾರವೆಲ್ಲ ಮಾಚೇನಹಳ್ಳಿಯ ಒಂದು ಆಫೀಸಿನಲ್ಲಿ ದುಡಿದು ಶನಿವಾರ ಗಿಟಾರು ಹೊತ್ತು ಬರುತ್ತೇನೆ. ಆದರೆ ಹುಡುಗರು ಬರುವುದು ಕಡಿಮೆಯಾಗುತ್ತಲೇ ಹೋಯಿತು. ಒಬ್ಬನಿಗೆ ಟ್ಯೂಷನ್, ಇನ್ನೊಬ್ಬನಿಗೆ ಕ್ರಿಕೆಟ್, ಮತ್ತೊಬ್ಬಳದ್ದು "ಅಕ್ಕಾ, ಮನೆಗೆ ನೆಂಟ್ರು ಬಂದಿದ್ದಾರೆ." ಅದ್ಯಾವ ನೆಂಟರೋ, ಶನಿವಾರವೇ ನೋಡಿ ಬರುತ್ತಾರೆ! ನನಗಂತೂ ಸಾಕಾಗಿಹೋಗಿತ್ತು. ಈ ಕ್ರಿಸ್‌ಮಸ್ ಒಂದು ಮುಗಿಯಲಿ, ಪಾಸ್ಟರ್ ಹತ್ತಿರ ಹೋಗಿ "ಬೇರೆ ಯಾರನ್ನಾದರೂ ನೋಡಿಕೊಳ್ಳಿ" ಎಂದುಬಿಡಬೇಕೆಂದು ನಿರ್ಧರಿಸಿದ್ದೆ. ಇದನ್ನು ಅಮ್ಮನಿಗೆ ಮಾತ್ರ ಹೇಳಿದ್ದೆ.

ಬಂದ ನಾಲ್ಕು ಜನರನ್ನಾದರೂ ದೊಡ್ಡಪ್ಪ ನೆಟ್ಟಗೆ ಕೂರಲು ಬಿಡುತ್ತಾರೆಯೇ? ಒಮ್ಮೆ ನಾನು ಬಹಳ ಗಂಭೀರವಾಗಿ, "ಯೌವನದಲ್ಲಿ ನಮ್ಮನ್ನು ಹೆಚ್ಚು ಕಾಡುವುದು ಯಾವುದು?" ಎಂದು ಕೇಳಿದೆ. ಎಲ್ಲರಿಗಿಂತ ಮೊದಲು ಕೈ ಎತ್ತಿದ್ದು ದೊಡ್ಡಪ್ಪ.

"ಮಂಡಿ ನೋವು!"

ಇನ್ನೊಮ್ಮೆ ಜೀವನ ಸಂಗಾತಿಯ ಆಯ್ಕೆ ಎಂಬ ವಿಷಯ. ದೊಡ್ಡಪ್ಪ ತಮ್ಮ ಬದುಕಿನಲ್ಲಿ ದೇವರು ನಡೆಸಿದ್ದಕ್ಕೆ ಸಾಕ್ಷಿ ಹೇಳುತ್ತೇನೆಂದು ಎದ್ದು ನಿಂತರು. "ನಾನೇನೂ ಆರಿಸ್ಲಿಲ್ಲ ಕಣ್ರೋ. ನಿಮ್ಮ ದೊಡ್ಡಮ್ಮ ಆರಿಸಿದ್ಲು. ನಂಗೆ ಆಮೇಲೆ ತಿಳಿಸಿದ್ರು. ದೇವರಿಗೆ ಸ್ತೋತ್ರ!" ಎಂದು ಕೂತುಬಿಟ್ಟರು. ಅವತ್ತಿನ ಪಾಠ ಅಲ್ಲಿಗೆ ಮುಗಿಯಿತು.

ಡಿಸೆಂಬರಿನಲ್ಲಿ ನಮ್ಮ ಇಡೀ ಬಳಗ ನ್ಯೂ ಟೌನಿನ ಅವರ ಮನೆಯಲ್ಲಿ ಸೇರಿ ಕಲ್‌ಕಲ್ ಮಾಡುತ್ತದೆ. ಸಿಹಿ ಹಿಟ್ಟಿನ ಸಣ್ಣ ಉಂಡೆಯನ್ನು ಫೋರ್ಕಿನ ಬೆನ್ನಿಗೆ ಒತ್ತಿ, ಸುರುಳಿ ಸುತ್ತಿ, ಎಣ್ಣೆಗೆ ಬಿಡುವ ತಿಂಡಿ. ನಾವೆಲ್ಲ ಚಾಪೆ ಹಾಸಿ ಕೂತು ಸುತ್ತುತ್ತಿದ್ದರೆ ದೊಡ್ಡಪ್ಪ ಕನ್ನಡಕ ಏರಿಸಿಕೊಂಡು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡುತ್ತಾರೆ. "ಇದು ಓಕೆ. ಇದು ಸೊಟ್ಟ, ರಿಜೆಕ್ಟ್. ಇದ್ಯಾರೇ ಮಾಡಿದ್ದು? ರಿಜೆಕ್ಟ್!" ರಿಜೆಕ್ಟ್ ಆದ ಮಾಲೆಲ್ಲ ಕರಿದ ಮೇಲೆ ಅವರ ಬಾಯಿಗೇ ಹೋಗಬೇಕೆಂಬುದು ಅವರದೇ ಕಾನೂನು.

"ರೀ, ನೀವು ಕಾರ್ಖಾನೇಲೂ ಹಿಂಗೇ ಮಾಡ್ತಿದ್ರಾ?" ಎಂದರು ದೊಡ್ಡಮ್ಮ ಒಲೆಯ ಮುಂದಿನಿಂದ.

"ಅಲ್ಲಿ ಕಬ್ಬಿಣ ಕಣೇ, ಅಗಿಯೋಕೆ ಆಗ್ತಿರ್ಲಿಲ್ಲ!"

ಎಲ್ಲರೂ ನಗುತ್ತಿರುವಾಗಲೇ ಅವರು ನನ್ನ ಕಡೆ ತಿರುಗಿ, ಇಡೀ ಬೀದಿಗೆ ಕೇಳುವಂತೆ, "ಏನೇ ಮಾರಾಯ್ತಿ, ಕೂಟ ಬಿಡ್ತೀಯಂತೆ?" ಎಂದರು. ಅಮ್ಮ ತಲೆ ತಗ್ಗಿಸಿ ಉಂಡೆ ಸುತ್ತುವುದರಲ್ಲಿ ಮುಳುಗಿಹೋದಳು.

"ಯಾರೂ ಬರಲ್ಲ ದೊಡ್ಡಪ್ಪ. ಯಾರಿಗೋಸ್ಕರ ನಡೆಸ್ಲಿ?" ಎಂದೆ.

ಅವರು ಇನ್ನೊಂದು ರಿಜೆಕ್ಟ್ ಬಾಯಿಗೆ ಹಾಕಿಕೊಂಡರು. "ಸರಿ ಬಿಡು. ಕ್ಯಾರಲ್ಸ್ ಒಂದು ಆಗ್ಲಿ. ಈ ಸಲ ಕ್ರಿಸ್‌ಮಸ್ ತಾತ ನಾನೇ," ಎಂದರು. ಬೇಡ ಎನ್ನಲು ಯಾರಿಗೆ ಧೈರ್ಯ?

ಕ್ಯಾರಲ್ಸ್ ಎಂದರೆ ನಮ್ಮ ಸಭೆಯವರ ಮನೆಮನೆಗೆ ಹೋಗಿ ಕ್ರಿಸ್‌ಮಸ್ ಹಾಡು ಹಾಡಿ ಬರುವುದು. ಆ ಸಂಜೆ ಕೆಂಪು ನಿಲುವಂಗಿ, ಹತ್ತಿಯ ಗಡ್ಡ ತೊಟ್ಟ ದೊಡ್ಡಪ್ಪ ಗಂಟೆ ಬಾರಿಸುತ್ತಾ ಮುಂದೆ, ಆರೇಳು ಹುಡುಗರು ಡ್ರಮ್ಮು ಹೊತ್ತು ಹಿಂದೆ. "ಮನೆ ಯಾವ್ದು ಅಂತ ನನ್ನ ಕೇಳಿ ದೊಡ್ಡಪ್ಪ," ಎಂದೆ. "ಯಾಕೆ ಕೇಳ್ಬೇಕು? ನಕ್ಷತ್ರ ಇದ್ಯಲ್ಲ!" ಎಂದು ಅವರು ನಡೆದೇ ಬಿಟ್ಟರು. ಕ್ರಿಸ್‌ಮಸ್ ಬಂದರೆ ನಮ್ಮವರೆಲ್ಲ ಬಾಗಿಲ ಮುಂದೆ ನಕ್ಷತ್ರದ ದೀಪ ತೂಗುಹಾಕುವುದು ರೂಢಿ. ಹಾಗೆ ತೂಗುತ್ತಿದ್ದ ಒಂದು ದೊಡ್ಡ ನಕ್ಷತ್ರ ಕಂಡಿದ್ದೇ ತಡ, ದೊಡ್ಡಪ್ಪ ಗೇಟು ತೆಗೆದು, ಒಳಗೆ ನುಗ್ಗಿ, ಜಗುಲಿಯ ಮೇಲೆ ನಿಂತು ಹಾಡು ಎತ್ತಿಕೊಂಡರು. ಹುಡುಗರು ಡ್ರಮ್ಮು ಬಡಿದರು.

ಬಾಗಿಲು ತೆರೆಯಿತು. ಹಣೆಯ ತುಂಬ ವಿಭೂತಿ ಧರಿಸಿದ ಯಜಮಾನರು! ಹಿಂದೆ ಕೈಯಲ್ಲಿ ಸೌಟು ಹಿಡಿದ ಅವರ ಹೆಂಡತಿ! ನಾನು ದೊಡ್ಡಪ್ಪನ ನಿಲುವಂಗಿ ಜಗ್ಗಿದೆ. ಕಣ್ಣು ಮುಚ್ಚಿ ಹಾಡುತ್ತಿದ್ದವರಿಗೆ ಅದೆಲ್ಲ ಎಲ್ಲಿ ಗೊತ್ತಾಗಬೇಕು? ಅಷ್ಟೂ ಚರಣ ಹಾಡಿ, ಪಲ್ಲವಿಯನ್ನು ಇನ್ನೊಂದು ಸಲ ಹಾಡಿ, ಆಮೇಲೆ ಕಣ್ಣು ಬಿಟ್ಟರು. ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

"ಮೊಮ್ಮಗಳು ಹಟ ಮಾಡಿ ನಕ್ಷತ್ರ ಹಾಕ್ಸಿದ್ಲು," ಎಂದರು ಆ ತಾಯಿ. "ಹಾಕಿದ್ರೆ ಹಾಡೋರೂ ಬರ್ತಾರೆ ಅಂತ ಗೊತ್ತಿರ್ಲಿಲ್ಲ ನೋಡಿ!"

"ತಪ್ಪಾಯ್ತು ತಾಯಿ," ಎಂದರು ದೊಡ್ಡಪ್ಪ, ಜಾರಿದ ಗಡ್ಡವನ್ನು ಮೇಲೇರಿಸಿಕೊಳ್ಳುತ್ತಾ. "ಆ ಕಾಲದಲ್ಲಿ ದೇವರ ಕೂಸನ್ನ ಹುಡುಕ್ಕೊಂಡು ಹೊರಟ ಜ್ಞಾನಿಗಳೂ ನಕ್ಷತ್ರ ನಂಬ್ಕೊಂಡು ಮೊದ್ಲು ಬೇರೆ ಮನೆಗೇ ಹೋಗಿದ್ದು. ಹೆರೋದ ರಾಜನ ಅರಮನೆಗೆ!"

"ಹಂಗಾದ್ರೆ ನಾನು ಹೆರೋದನಾ?" ಎಂದು ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಹೆರೋದ ಕಾಫಿ ಕೊಟ್ಟಿರ್ಲಿಲ್ಲ ಸಾರ್, ನೀವು ಕೊಡಿ, ಸರಿಹೋಗುತ್ತೆ!" ಎಂದರು ದೊಡ್ಡಪ್ಪ.

ಕಾಫಿ ಬಂತು. ಜೊತೆಗೆ ಚಕ್ಕುಲಿ. ಮೊಮ್ಮಗಳಿಗಾಗಿ ಇನ್ನೊಂದು ಹಾಡೂ ಆಯಿತು. ಹುಡುಗರು ದಾರಿಯುದ್ದಕ್ಕೂ ಹೆರೋದನ ಮಾತು ಆಡಿಕೊಂಡು ನಕ್ಕಿದ್ದೇ ನಕ್ಕಿದ್ದು. ನಾನೂ ನಕ್ಕೆ. ನಕ್ಕೆನೆಂದು ನಿರ್ಧಾರವನ್ನೇನೂ ಬದಲಿಸಲಿಲ್ಲ.

ಹಾಡು ಮುಗಿಸಿ ದೊಡ್ಡಪ್ಪನನ್ನು ಬಸ್ಸು ಹತ್ತಿಸಲು ಹೋದೆ. ಅವರು ಬೆಂಚಿನ ಮೇಲೆ ಕೂತು ಮಂಡಿ ತಿಕ್ಕಿಕೊಳ್ಳುತ್ತಿದ್ದರು.

"ಮುಂದಿನ ವಾರದಿಂದ ನಿಮ್ಮ ಮಂಡಿಗೂ ರಜ ದೊಡ್ಡಪ್ಪ," ಎಂದೆ.

ಅವರು ನಗಲಿಲ್ಲ. ನಾನು ಹುಟ್ಟಿದಾಗಿನಿಂದ ಕೇಳದಷ್ಟು ಮೆಲ್ಲಗೆ ಹೇಳಿದರು. "ಒಂದ್ಸಲ ಊರಿಂದ ಬಂದ ಕೇಕ್ ನಿಂಗೆ ಕೊಟ್ಟು ಹೋಗೋಣ ಅಂತ ಚರ್ಚಿಗೆ ಬಂದಿದ್ದೆ. ನೀನು ಕುರ್ಚಿ ಎಲ್ಲ ಸಾಲಾಗಿ ಹಾಕಿದ್ದೆ. ಒಂದು ನರಪಿಳ್ಳೇನೂ ಇರ್ಲಿಲ್ಲ. ನೀನು ಮುಂದೆ ನಿಂತು, ಕಣ್ಣು ಮುಚ್ಚಿ, ಒಬ್ಬೊಬ್ಬ ಹುಡುಗನ ಹೆಸ್ರು ಹಿಡಿದು ಪ್ರಾರ್ಥನೆ ಮಾಡ್ತಿದ್ದೆ. ಬರದೇ ಇದ್ದೋರ ಹೆಸ್ರು. ನಾನು ಹಿಂದೆ ಕೂತೆ. ಖಾಲಿ ಕುರ್ಚಿಗಳ ಮುಂದೆ ನಿನ್ನ ಬಿಟ್ಟು ಎದ್ದು ಹೋಗೋಕೆ ಮನಸ್ಸು ಬರ್ಲಿಲ್ಲ ಮಗಳೇ. ಆಮೇಲೆ ಯಾವ ಶನಿವಾರಾನೂ ಆ ಮನಸ್ಸು ಬರ್ಲಿಲ್ಲ."

ಅವತ್ತು ನಾನು ಕಣ್ಣು ಬಿಟ್ಟಾಗ ಅವರು "ಬಸ್ಸು ತಪ್ಪಿಹೋಯ್ತು, ಅದಕ್ಕೇ ಕೂತೆ" ಎಂದಿದ್ದರು. ನಾನದನ್ನು ನಂಬಿದ್ದೆ.

ಭದ್ರಾವತಿ ಬಸ್ಸು ಬಂತು. ನನಗೆ ಅಳು ತಡೆಯಲಾಗಲಿಲ್ಲ. ಅವರು ಹತ್ತಿ, ಕಿಟಕಿಯಿಂದ ತಲೆ ಹೊರಹಾಕಿ, ಇಡೀ ಬಸ್‌ಸ್ಟ್ಯಾಂಡಿಗೆ ಕೇಳುವಂತೆ ಕೂಗಿದರು: "ಶನಿವಾರ ಎಷ್ಟೊತ್ತಿಗೇ?"

"ಆರು ಗಂಟೆಗೆ ದೊಡ್ಡಪ್ಪಾ!" ಎಂದು ನಾನು ಅವರಿಗಿಂತ ಜೋರಾಗಿ ಕೂಗಿದೆ.