ಮಾವನ ಜೋರು ಸಂಗೀತ

ಹಿಟ್ಟಿನ ಮಿಲ್ಲಿನಲ್ಲಿ ಕೂತು ಹಾಡಿಗೆ ರಾಗ ಹಾಕುವ ಸಂಗೀತ ಸಂಯೋಜಕರು ಭೂಮಿಯ ಮೇಲೆ ಒಬ್ಬರೇ ಇರಬೇಕು. ಆ ಒಬ್ಬರು ನನ್ನ ಸೋದರಮಾವನೇ ಆಗಬೇಕಿತ್ತೆ?

ಮಳವಳ್ಳಿಯ ಅವರ ಮನೆಯಲ್ಲಿ ಹಾರ್ಮೋನಿಯಂ ಇದೆ, ತಣ್ಣನೆಯ ಕೋಣೆಯಿದೆ, ಅದರ ಬಾಗಿಲಿಗೆ ಚಿಲಕವೂ ಇದೆ. ಆದರೂ ಬೆಳಗಾದರೆ ಮಾವ ಗೆಳೆಯನ ಮಿಲ್ಲಿಗೇ ಹೋಗುತ್ತಾರೆ. ಯಾಕೆಂದು ಕೇಳಿದ್ದಕ್ಕೆ, "ಮನೇಲಿದ್ರೆ ಎಲ್ಲಾ ಮಾತಾಡುಸ್ತಾರೆ ಕಣ್ಲಾ. ಅಲ್ಲಿ ಯಾರ್ ಮಾತಾಡ್ಸಿದ್ರೂ ಕೇಳಕಿಲ್ಲ. ಕಿವಿಗೆ ಅತ್ತಿ ತುರುಕ್ಕೊಂಡು ಕುಂತ್ರೆ ರಾಗ ತಾನಾಗೇ ಬತ್ತದೆ" ಅಂದಿದ್ದರು. ಮಧ್ಯಾಹ್ನ ಹುಬ್ಬೆಲ್ಲ ಬೆಳ್ಳಗೆ ಮಾಡಿಕೊಂಡು ಬಂದ ಗಂಡನನ್ನು ಅತ್ತೆ ಬಾಗಿಲಲ್ಲೇ ತಡೆದು, "ಇವತ್ತು ರಾಗಿ ರಾಗನೋ, ಗೋದಿ ರಾಗನೋ?" ಎಂದು ಕೇಳುವುದುಂಟು.

ಇಂಥ ಮಾವ ಮಂಡ್ಯದ ಕಾರ್ಯಕ್ರಮದ ತಾಲೀಮಿನಲ್ಲಿ "ಜೋರಾಗಿ! ಇನ್ನೂ ಜೋರಾಗಿ!" ಎಂದು ಕೂಗತೊಡಗಿದರು. ಕೊಳಲಿನವರಿಗೆ ಜೋರು, ಪಿಟೀಲಿನವರಿಗೆ ಜೋರು, ಜೋಗುಳ ಹಾಡುವಾಕೆಗೂ ಜೋರು! ಆ ಜೋಗುಳ ಕೇಳಿ ಯಾವ ಮಗು ಮಲಗೀತು? ಆದರೆ ಯಾರಿಗೂ ಅನುಮಾನ ಬರಲಿಲ್ಲ. ಮಿಲ್ಲಿನಲ್ಲಿ ಕೂತು ರಾಗ ಹಾಕುವ ಮನುಷ್ಯ ಏನು ಮಾಡಿದರೂ ಅದಕ್ಕೊಂದು ಸಂಗೀತದ ಕಾರಣ ಇರಲೇಬೇಕಲ್ಲ! ಕಾರ್ಯಕ್ರಮ ಮುಗಿದ ಮೇಲೆ ಯಾರೋ "ಇದು ಹೊಸ ಶೈಲಿ" ಎಂದು ಹೊಗಳಿದರು. ಹೊಗಳಿದ್ದು ನಾನೇ ಇರಬಹುದು. ಎಂ.ಎ. ಓದಿದವನ ಬಾಯಿಗೆ ಅಂಥ ಮಾತು ಬೇಗ ಬರುತ್ತದೆ. ನನ್ನ ನೆನಪಂತೂ ಯಾವಾಗಲೂ ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ.

ಮದ್ದೂರಿನಲ್ಲಿ ಇನ್ನೂ ಮಜ. ಡೋಲಕ್ ನುಡಿಸುವ ಭಾಯ್, ಹೊಟ್ಟೆಪಾಡಿಗೆ ಬೈಕ್ ಗ್ಯಾರೇಜು ಇಟ್ಟವರು, ಹಾಡು ಮುಗಿಸಿ ಡೋಲಕ್ ಕೆಳಗಿಟ್ಟರು. ಮಾವ ಮಾತ್ರ ಕೈ ಬೀಸುತ್ತಲೇ ಇದ್ದರು! ಭಾಯ್ ಗಾಬರಿಯಿಂದ ಮತ್ತೆ ಎತ್ತಿಕೊಂಡು ಬಾರಿಸಿದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

"ಏನ್ ಸಾರ್, ನಿಮ್ ಇಂಜಿನ್ನು ಕೀ ತೆಗುದ್ರೂ ಆಫ್ ಆಗಕಿಲ್ವಲ್ಲ!" ಎಂದರು ಭಾಯ್, ವೇದಿಕೆಯ ಹಿಂದೆ ಬೆವರು ಒರೆಸಿಕೊಳ್ಳುತ್ತ.

ಮಾವ ನಕ್ಕರು. ಆ ನಗು ಸ್ವಲ್ಪ ತಡವಾಗಿ ಬಂದಿತ್ತು. ಅಥವಾ ಈಗ ನನಗೆ ಹಾಗನ್ನಿಸುತ್ತಿದೆಯೋ?

ಮುಂದೆ ಕಿರುಗಾವಲಿನ ಹೆಂಗಸರಿಂದ ಸೋಬಾನೆ ಪದಗಳನ್ನು ಮೇಳದಲ್ಲಿ ಹಾಡಿಸುವ ಕೆಲಸವಿತ್ತು, ಅದಾದ ಮೇಲೆ ದುದ್ದದ ಶಾಲೆ ಮಕ್ಕಳಿಗೆ ಹೊಸ ಹಾಡುಗಳು. ಹೆಂಗಸರು ಕಾದರು. ಮಾವ ಕಿರುಗಾವಲಿನ ಬಸ್ಸನ್ನೇ ಹತ್ತಲಿಲ್ಲ. ಏನಾಯಿತೆಂದು ಪೀಡಿಸಿದ ಮೇಲೆ ನನ್ನನ್ನು ಮಿಲ್ಲಿನ ಹೊರಗಿನ ಜಗಲಿಯಲ್ಲಿ ಕೂರಿಸಿಕೊಂಡರು.

"ಎಲ್ಡು ಕಿವೀನೂ ಓಯ್ತಾ ಅವೆ ಕಣ್ಲಾ. ನಿಮ್ಮತ್ತೆಗೆ ಯೋಳ್ಬ್ಯಾಡ. ಆ ಎಂಗುಸ್ರು ಆಡಾದು ಕೇಳ್ದೆ ನಾನ್ಯಾವ ಸೀಮೆ ಮೇಷ್ಟ್ರು?"

 

ಮರುದಿನವೇ ಮಂಡ್ಯದ ಕಿವಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಆಕೆ ಬೆಳಕು ಬಿಟ್ಟು ನೋಡಿದರು, ಹುಬ್ಬು ಗಂಟಿಕ್ಕಿದರು. ಸಣ್ಣ ಚಿಮಟವೊಂದನ್ನು ಹಾಕಿ ಎಳೆದರೆ, ಕಂದು ಬಣ್ಣದ ಉಂಡೆಯೊಂದು ಬಂತು. ಇನ್ನೊಂದು ಕಿವಿಯಿಂದ ಅದರ ಅವಳಿ!

"ಏನ್ರೀ ಇದು, ಹತ್ತಿ!"

ಮಿಲ್ಲಿನಲ್ಲಿ ತುರುಕಿಕೊಂಡಿದ್ದನ್ನು ಮಾವ ತೆಗೆಯುವಾಗ ಒಳಗೇ ಉಳಿದ ಚೂರಿನ ಮೇಲೆ ಮರುದಿನ ಹೊಸ ಹತ್ತಿ, ಅದರ ಮೇಲೆ ಮತ್ತೊಂದು. ಜೊತೆಗೆ ಗುಗ್ಗೆಯೂ ಸೇರಿ ಮಾವ ತಮ್ಮ ಕಿವಿಯೊಳಗೆ ತಾವೇ ಗೋಡೆ ಕಟ್ಟಿಕೊಂಡಿದ್ದರು.

"ನಿಮ್ಮ ಕಿವಿಗೆ ಏನೂ ಆಗಿಲ್ಲ. ಮಿಲ್ಲಿಗೆ ಹೋಗೋದು ಮಾತ್ರ ಬಿಟ್ಟುಬಿಡಿ" ಎಂದರು ಮಿಲ್ಲಿನ ಕತೆಯೆಲ್ಲ ಕೇಳಿದ ಡಾಕ್ಟರು.

"ಮೆತ್ತಗೆ ಮಾತಾಡಿ ತಾಯಿ, ಯಾಕಿಂಗೆ ಕಿರುಚ್ತೀರಿ!" ಎಂದರು ಮಾವ.

ನಾನು ಬಿದ್ದು ಬಿದ್ದು ನಕ್ಕೆ. ಅಷ್ಟು ದೊಡ್ಡ ಹೆದರಿಕೆ ಮೈಯಿಂದ ಇಳಿದು ಹೋಗುವಾಗ ಮನುಷ್ಯ ಇನ್ನೇನು ತಾನೇ ಮಾಡಿಯಾನು?

ಆಸ್ಪತ್ರೆಯ ಮೆಟ್ಟಿಲಿಳಿದವರೇ ಮಾವ ಅತ್ತೆಗೆ ಫೋನು ಮಾಡಿದರು. ಅತ್ತೆಯ ದನಿ ಪಕ್ಕದಲ್ಲಿದ್ದ ನನಗೂ ಕೇಳುತ್ತಿತ್ತು: "ಬೆಳಗ್ಗಿಂದ ಎಲ್ ಓಗಿದ್ರಿ? ಮುದ್ದೆ ಆರೋಯ್ತು. ನಾನ್ ಯೋಳಾದು ಒಂದಾದ್ರೂ ಕೇಳ್ತದಾ ನಿಮ್ಗೆ?"

ಮಾವ ಕಣ್ಣು ಮುಚ್ಚಿಕೊಂಡು ಕೊನೆಯ ತನಕ ಕೇಳಿದರು. ಆಮೇಲೆ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿ, ಬಹಳ ಮೆಲ್ಲಗೆ ಅಂದರು:

"ಕೇಳ್ತದೆ ಕಣಮ್ಮಿ. ಇನ್ನೊಂದ್ಸಲ ಬಯ್ಯಿ."