ಎಂಟು ದಿನ ಜೇಬಿನಲ್ಲಿದ್ದ ಚೀಟಿ

ಚೊಚ್ಚಲ ಬಸುರಿ ಹೆಂಡತಿಯನ್ನು ನೋಡಿಕೊಳ್ಳುವುದರಲ್ಲಿ ನನ್ನನ್ನು ಮೀರಿಸಿದವರು ಇಡೀ ಜಯನಗರದಲ್ಲಿ ಯಾರೂ ಇಲ್ಲ ಎಂದು ನಾನು ನಂಬಿದ್ದ ಕಾಲವದು. ಸುಧಾ ಹಿಂದೆ ಕುಳಿತರೆ ಸ್ಕೂಟರನ್ನು ಎಷ್ಟು ನಿಧಾನವಾಗಿ ಓಡಿಸುತ್ತಿದ್ದೆನೆಂದರೆ, ಸೈಕಲ್ಲಿನವರು ನಮ್ಮನ್ನು ದಾಟಿ ಹೋಗಿ, ತಿರುಗಿ ನೋಡಿ ನಗುತ್ತಿದ್ದರು. ಮೇಲಾಗಿ ನಾನು ಸರ್ಕಾರಿ ಕಚೇರಿಯೊಂದರ ಟಪಾಲು ವಿಭಾಗದವನು. ಯಾವ ಕಾಗದ ಯಾರಿಗೆ ಸೇರಬೇಕೋ ಅವರಿಗೆ ಅಂದೇ ಸೇರಿಸುವುದು ನನ್ನ ವೃತ್ತಿಧರ್ಮ!

ಆರನೇ ತಿಂಗಳಲ್ಲಿ ಸುಧಾಳ ವಸಡು ಊದಿಕೊಂಡಿತು. ನಮ್ಮ ಲೇಡಿ ಡಾಕ್ಟರು ಟಾರ್ಚ್ ಬಿಟ್ಟು ನೋಡಿದರು. ಒಂದು ಚೀಟಿ ಬರೆದು, ಲಕೋಟೆಗೆ ಹಾಕಿ, ನನ್ನ ಕೈಗೆ ಕೊಟ್ಟರು.

"ಬನಶಂಕರೀಲಿ ನನಗೆ ಗೊತ್ತಿರೋ ಡೆಂಟಿಸ್ಟ್ ಇದಾರೆ. ಇದನ್ನ ತೋರಿಸಿ. ಎಷ್ಟು ತಿಂಗಳು, ಯಾವ ಮಾತ್ರೆ ಕೊಡಬಹುದು, ಯಾವುದು ಕೊಡಬಾರದು, ಎಲ್ಲಾ ಬರ್ದಿದೀನಿ. ನಾಳೇನೇ ಹೋಗಿ."

"ಖಂಡಿತ ಮೇಡಂ," ಎಂದೆ.

ಈಗ ಒಂದು ವಿಷಯ ಒಪ್ಪಿಕೊಳ್ಳಬೇಕು. ನನಗೆ ಹಾವಿನ ಭಯವಿಲ್ಲ, ಮೇಲಧಿಕಾರಿಗಳ ಭಯ ಅಷ್ಟಾಗಿ ಇಲ್ಲ. ಹಲ್ಲಿನ ಡಾಕ್ಟರೆಂದರೆ ಮಾತ್ರ ಜೀವ ಹೋಗುತ್ತದೆ. ಏಳನೇ ಕ್ಲಾಸಿನಲ್ಲಿದ್ದಾಗ ಒಬ್ಬ ಡಾಕ್ಟರ ಬೆರಳು ಕಚ್ಚಿ, ಕುರ್ಚಿಯಿಂದ ಜಿಗಿದು, ಬರಿಗಾಲಲ್ಲಿ ಸಿದ್ದಾಪುರದವರೆಗೆ ಓಡಿದವನು ನಾನು. ಅಂಥ ಕುರ್ಚಿಯಲ್ಲಿ ಸುಧಾ, ಅವಳ ಹೊಟ್ಟೆಯಲ್ಲಿ ಮಗು, ಎದುರಿಗೆ ಗುಂಯ್ ಎನ್ನುವ ಯಂತ್ರ! ಮಗು ಬೆಚ್ಚಿಬಿದ್ದು ಏನಾದರೂ ಆಗಿಬಿಟ್ಟರೆ?

ನಮ್ಮ ಮನೆಯ ಓನರ್ ಕಮಲಮ್ಮನವರು ನನ್ನ ಭಯಕ್ಕೆ ಚೆನ್ನಾಗಿ ನೀರೆರೆದರು.

"ಬಸುರಿ ಹಲ್ಲಿಗೆ ಯಾರಾದ್ರೂ ಕೈ ಹಾಕಿಸ್ತಾರೇನ್ರೀ? ಲವಂಗ ಇಟ್ಕೊಳ್ಳಕ್ಕೆ ಹೇಳಿ. ತಾನಾಗೇ ಇಳಿಯತ್ತೆ."

ವೈದ್ಯಕೀಯ ವಿಚಾರದಲ್ಲಿ ಎರಡನೆಯ ಅಭಿಪ್ರಾಯ ಪಡೆಯಬೇಕು ಎನ್ನುತ್ತಾರಲ್ಲ? ಪಡೆದೆ! ಲಕೋಟೆ ಪ್ಯಾಂಟಿನ ಜೇಬು ಸೇರಿತು.

ಮರುದಿನ ಸುಧಾ ಕೇಳಿದಾಗ, "ಆ ಡಾಕ್ಟ್ರು ಊರಲ್ಲಿಲ್ವಂತೆ," ಎಂದೆ. ಮೂರನೆಯ ದಿನ, "ಅವರ ಮಷೀನ್ ಕೆಟ್ಟಿದೆಯಂತೆ," ಎಂದೆ. ಪ್ರತಿ ಬೆಳಿಗ್ಗೆ ನಿನ್ನೆಯ ಪ್ಯಾಂಟಿನಿಂದ ಇವತ್ತಿನ ಪ್ಯಾಂಟಿಗೆ ಲಕೋಟೆಯನ್ನು ಬಹಳ ಜಾಗ್ರತೆಯಿಂದ ವರ್ಗಾಯಿಸುತ್ತಿದ್ದೆ. ಸುಧಾ ಅನ್ನ ಬಿಟ್ಟು ಗಂಜಿಗೆ ಇಳಿದಿದ್ದಳು.

ಐದನೆಯ ದಿನ ಅವಳು ಚಪ್ಪಲಿ ಮೆಟ್ಟಿಕೊಂಡು ನಿಂತಳು. "ಇವತ್ತು ನಾನೇ ಹೋಗ್ತೀನಿ. ಬರೋದಾದ್ರೆ ಬನ್ನಿ."

ಹೋದೆವು. ಬಾಗಿಲಲ್ಲೇ ಲವಂಗದೆಣ್ಣೆ, ಸ್ಪಿರಿಟ್ ಎರಡೂ ಸೇರಿದ ಆ ಹಳೆಯ ವಾಸನೆ! ಡೆಂಟಿಸ್ಟ್ ಸುಧಾಳ ಹೊಟ್ಟೆ ನೋಡಿದವರೇ, "ನಿಮ್ಮ ಡಾಕ್ಟ್ರ ಲೆಟರ್ ಎಲ್ಲಿ?" ಎಂದರು.

ಜೇಬಿಗೆ ಹೋದ ಕೈ ಲಕೋಟೆಯನ್ನು ಮುಟ್ಟಿಯೂ ಬರಿದಾಗಿ ಹೊರಬಂತು. "ಮರೆತು ಬಂದೆ ಸಾರ್!"

"ಫೋನ್ ಮಾಡಿ ಕೇಳೋಣ ಅಂದ್ರೆ ನಮ್ಮದು ಬೆಳಗಿಂದ ಡೆಡ್ಡು. ಲೆಟರ್ ಇಲ್ದೆ ಈ ಟೈಮಲ್ಲಿ ನಾನು ಮುಟ್ಟಲ್ಲ. ನಾಳೆ ತನ್ನಿ."

ನನಗಾದ ಸಂತೋಷ ಅಷ್ಟಿಷ್ಟಲ್ಲ. ಸುಧಾ ಕೆನ್ನೆ ಹಿಡಿದುಕೊಂಡು ಮೆಟ್ಟಿಲು ಇಳಿಯುತ್ತಿದ್ದಳು. ಅವಳ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಮನೆಗೆ ಹೋದ ಮೇಲೆ, "ಲೆಟರ್ ಎಲ್ಲೋ ಕಳೆದುಹೋಗಿದೆ. ಚೆಕಪ್ಪಿಗೆ ಹೋದಾಗ ಬೇರೆ ಬರೆಸಿಕೊಳ್ಳೋಣ," ಎಂದೆ.

ಎಂಟನೆಯ ದಿನ ಲೇಡಿ ಡಾಕ್ಟರ ಬಳಿ ತಿಂಗಳ ಚೆಕಪ್ಪು. ತೂಕದ ಯಂತ್ರದ ಮುಳ್ಳು ಹಿಂದಕ್ಕೆ ಹೋಗಿತ್ತು.

"ಏನ್ರೀ ಇದು? ಏರಬೇಕಾದ ತೂಕ ಇಳಿದಿದೆ. ಮೈ ಬೇರೆ ಬಿಸಿ ಇದೆ. ಡೆಂಟಿಸ್ಟ್ ಏನಂದ್ರು?"

"ಲೆಟರ್ ಇಲ್ಲದೆ ನೋಡಲ್ಲ ಅಂದ್ರು ಮೇಡಂ," ಎಂದಳು ಸುಧಾ, ಅರ್ಧ ಬಾಯಿ ತೆರೆದು. "ಇವರು ಎಲ್ಲೋ ಕಳೆದುಹಾಕಿದಾರೆ. ಎರಡು ದಿನದಿಂದ ಗಂಜೀನೂ ಇಳೀತಿಲ್ಲ."

ನನಗೆ ಬೆವರು ಕಿತ್ತುಕೊಂಡಿತು. ಒರೆಸಿಕೊಳ್ಳಲು ಕರವಸ್ತ್ರ ಎಳೆದೆ. ಅದರ ಜೊತೆಗೇ ಲಕೋಟೆಯೂ ಹೊರಬಂದು ಡಾಕ್ಟರ ಮೇಜಿನ ಮೇಲೆ ಬಿತ್ತು. ವಿಳಾಸ ಮೇಲ್ಮುಖವಾಗಿ!

ಡಾಕ್ಟರು ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಟಾರ್ಚ್ ಎತ್ತಿಕೊಂಡು ಸುಧಾಳ ಬಾಯಿ ಪರೀಕ್ಷಿಸಿದರು.

"ವಸಡಲ್ಲಿ ಕೀವು ತುಂಬಿದೆ," ಎಂದರು ಡಾಕ್ಟರು ಕೊನೆಗೆ. "ನಂಜು ಮೈಗೆ ಹರಡಿದ್ರೆ ಮಗೂಗೂ ತೊಂದ್ರೆ, ಗೊತ್ತಾ ನಿಮಗೆ?"

ಸುಧಾಳನ್ನು ಮಲಗಿಸಿ, ಮಗುವಿನ ಎದೆಬಡಿತ ಕೇಳಲು ಬಗ್ಗಿದರು. ಒಂದು ಕಡೆ ಕೇಳಿದರು. ಇನ್ನೊಂದು ಕಡೆ ಕೇಳಿದರು. ಫ್ಯಾನ್ ನಿಲ್ಲಿಸಲು ನರ್ಸಿಗೆ ಸನ್ನೆ ಮಾಡಿದರು. ಆ ನಿಶ್ಶಬ್ದದಲ್ಲಿ ನಾನು ಪಟ್ಟ ಭಯದ ಮುಂದೆ ಹಲ್ಲಿನ ಕುರ್ಚಿಯ ಭಯ ಏನೇನೂ ಅಲ್ಲ. ತಾಯಿ ಬನಶಂಕರಿ, ಬಡಿತ ಕೇಳಿಸಿಬಿಡು, ನನ್ನ ಮೂವತ್ತೆರಡೂ ಹಲ್ಲನ್ನು ನಾನೇ ಹೋಗಿ ಕೀಳಿಸಿಕೊಳ್ಳುತ್ತೇನೆ!

"ಇದೆ. ಚೆನ್ನಾಗೇ ಹೊಡ್ಕೊಳ್ತಿದೆ," ಎಂದರು ಡಾಕ್ಟರು.

ನಾನು ಕುಸಿದು ಕುಳಿತೆ. ಕುಳಿತದ್ದು ತೂಕದ ಯಂತ್ರದ ಮೇಲೆ ಎಂದು ನರ್ಸ್ ಹೇಳಿದ ಮೇಲೆ ಗೊತ್ತಾಯಿತು.

ಅಲ್ಲಿಂದ ಆಟೋದಲ್ಲಿ ನೇರವಾಗಿ ಬನಶಂಕರಿಗೆ. ಡೆಂಟಿಸ್ಟ್ ಚೀಟಿ ಓದಿ ತಲೆಯಾಡಿಸಿ, ಸುಧಾಳನ್ನು ಕುರ್ಚಿಗೆ ಕೂರಿಸಿದರು. ಈ ಸಲ ನಾನು ಜಾರಿಕೊಳ್ಳಲಿಲ್ಲ. "ಹೆದರಬೇಡ, ನಾನಿದ್ದೀನಿ," ಎಂದು ಅವಳ ಕೈ ಗಟ್ಟಿಯಾಗಿ ಹಿಡಿದುಕೊಂಡೆ. ಡಾಕ್ಟರು ಸೂಜಿ ಎತ್ತಿದ್ದು ಕಂಡಿತು.

ಮುಂದೆ ಕಂಡದ್ದು ಛಾವಣಿ! ನಾನು ನೆಲದ ಮೇಲೆ ಅಂಗಾತ ಮಲಗಿದ್ದೆ. ಕೆನ್ನೆಯೊಳಗೆ ಹತ್ತಿ ಇಟ್ಟುಕೊಂಡ ಸುಧಾ ಅದೇ ಲಕೋಟೆಯಿಂದ ನನಗೆ ಗಾಳಿ ಬೀಸುತ್ತಿದ್ದಳು.

"ಆಗ್ಲೇ ಮುಗೀತು. ಏಳಿ," ಎಂದಳು.

ಇಪ್ಪತ್ತು ನಿಮಿಷದ ಕೆಲಸವಂತೆ. ಲೇಡಿ ಡಾಕ್ಟರಿಗೆ ಉತ್ತರ ಬರೆದು ಮಡಚಿದ ಡೆಂಟಿಸ್ಟ್ ಅದನ್ನು ನನ್ನ ಕಡೆ ಚಾಚಿದರು. ನಡುವೆ ಸುಧಾಳ ಕೈ ಬಂತು. ಕಾಗದ ಅವಳ ವ್ಯಾನಿಟಿ ಬ್ಯಾಗಿಗೆ ಹೋಯಿತು, ಜಿಪ್ ಎಳೆದ ಸದ್ದೂ ಕೇಳಿಸಿತು.

ಸಂಜೆ ಕೆನ್ನೆಯ ಜೋಮು ಬಿಟ್ಟ ಮೇಲೆ ಮೊಸರನ್ನ ಕಲಸಿಕೊಟ್ಟೆ. ತಟ್ಟೆ ಬಳಿದು ತಿಂದಳು. ಇನ್ನೊಂದು ಸಲ ಹಾಕಿಸಿಕೊಂಡಳು. ಮೂರನೆಯ ಸಲ ತಟ್ಟೆ ಚಾಚಿದಾಗ ನನಗೆ ತಡೆಯಲಾಗಲಿಲ್ಲ.

"ನನಗೆ ತುಂಬಾ ಭಯ ಆಗಿತ್ತು ಸುಧಾ," ಎಂದೆ.

"ನನಗೂ ಆಗಿತ್ತು," ಎಂದಳು. "ಆದ್ರೆ ಹಸಿವು ಅದಕ್ಕಿಂತ ಜಾಸ್ತಿ ಇತ್ತು."

ಆ ಎಂಟು ದಿನವೂ ನಾನು ಎರಡು ಹೊತ್ತೂ ಹೊಟ್ಟೆ ತುಂಬ ಉಂಡಿದ್ದೆ. ಅವಳೇ ಬಡಿಸಿದ್ದಳು. ಸಾರಿಗೆ ಉಪ್ಪು ಕಡಿಮೆಯಾಯಿತು ಎಂದು ಒಂದು ದಿನ ಗೊಣಗಿಯೂ ಇದ್ದೆ!